ಮೂರನೇ ಪ್ಲೇಟು

ಬೇಸಿಗೆಯಲ್ಲಿ ತುಂಗಭದ್ರೆ ಇಳಿದು ಬಂಡೆಗಳ ಬೆನ್ನು ತೋರಿಸುವ ಕಡೆ ಒಂದು ಸಣ್ಣ ಮಠ. ಮಠದ ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಕಲ್ಲುಬೆಂಚು. ಬೆಂಚಿನ ಮೇಲೆ ಮೌನೇಶಪ್ಪಜ್ಜ.

ಅಜ್ಜ ಸ್ವಾಮಿಗಳಲ್ಲ, ಸನ್ಯಾಸಿಯೂ ಅಲ್ಲ. ದೊಡ್ಡ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಲೇಥ್ ಮೇಲೆ ಕಬ್ಬಿಣ ಕಡೆದವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮಠಕ್ಕೆ ಬಂದರು. ಎರಡು ಹೊತ್ತು ಪ್ರಸಾದ, ಮೈಮೇಲೆ ಕಾರ್ಖಾನೆಯ ಅದೇ ಖಾಕಿ ಅಂಗಿ.

ಸುತ್ತಿನ ಊರಿನವರು ಪಂಪಿನ ಶಾಫ್ಟು, ಗಾಡಿಯ ಅಚ್ಚು ಅಂತ ಏನಾದರೂ ತಂದು ಅವರ ಕೈಗೆ ಕೊಡುತ್ತಿದ್ದರು. ಅಜ್ಜ ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆಟ್ಟು ಆಡಿಸುತ್ತಿದ್ದರು. ಆಮೇಲೆ "ಹ್ಞೂಂ" ಅನ್ನುತ್ತಿದ್ದರು, ಇಲ್ಲವೇ "ಇನ್ನೂ ಐತಿ" ಅನ್ನುತ್ತಿದ್ದರು.

"ಸರಿ" ಅಂದದ್ದನ್ನು ಕೇಳಿದವರು ಒಬ್ಬರೂ ಇರಲಿಲ್ಲ.

ಆ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದವನು ಓಬಳೇಶ.

ಓಬಳೇಶ ಕರೆಂಟಿನ ಲೈನ್‌ಮ್ಯಾನು. ಸುತ್ತಲಿನ ಏಳು ಹಳ್ಳಿಯಲ್ಲಿ ಅವನಷ್ಟು ಬೇಗ ಕಂಬ ಹತ್ತುವ ಗಂಡು ಇರಲಿಲ್ಲ. ಇಳಿಯುವಾಗಲಂತೂ ಸೂರ್ಯನನ್ನೇ ತಾನು ಹೊತ್ತಿಸಿ ಬಂದ ಹಾಗೆ ಇಳಿಯುತ್ತಿದ್ದ. ಕೆಲಸ ಮುಗಿದ ಮೇಲೆ ಅವನಿಗೆ ಒಂದೇ ಹುಚ್ಚು, ಮಶೀನು. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಉಗಿ ಇಂಜಿನ್ನು ಮಾಡಬೇಕು, ಅದು ತಿರುಗಬೇಕು, ಅಜ್ಜ ಅದನ್ನು ಮುಟ್ಟಿ "ಸರಿ" ಅನ್ನಬೇಕು. ಊರಲ್ಲೆಲ್ಲ ಆಗಲೇ ಹೇಳಿಕೊಂಡೂ ಆಗಿತ್ತು.

ಆದರೆ ಅಜ್ಜನ ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಪೊರೆ ಬರುತ್ತಿತ್ತು. ಹೊತ್ತು ಬಹಳ ಉಳಿದಿಲ್ಲ ಅನ್ನುವುದು ಓಬಳೇಶನಿಗೂ ಗೊತ್ತಿತ್ತು.

ಒಂದು ದಿನ ಅವನು ದೊಡ್ಡ ಡಬ್ಬಿ ಹೊತ್ತು ಬಂದ.

"ಅಜ್ಜಾರೆ, ಬಂತು ನೋಡ್ರಿ!"

"ಏನಪ್ಪಾ?"

"ಡ್ರಿಲ್ಲಿಂಗ್ ಮಶೀನ್ರಿ. ಸಮುದ್ರ ದಾಟಿ ಬಂದೈತಿ. ಫೋನಿನಾಗೆ ಬೆರಳು ಒತ್ತಿದೆ, ಬಂತು. ಪ್ಯಾಟೆ ಅಂಗಡಿಯೋನು ಹೇಳಿದ್ದರ ಕಾಲುಭಾಗಕ್ಕೆ!"

"ಹೋದ ತಿಂಗಳೂ ಒಂದು ಬಂದಿತ್ತಲ್ಲ?"

"ಅದು ಬ್ಯಾರೆ ಕಂಪನೀದ್ರಿ. ಅಲ್ಲಾಡ್ತಿತ್ತು."

"ಅದರ ಹಿಂದಿಂದು?"

"ಅದೂ ಅಲ್ಲಾಡ್ತಿತ್ತು."

"ಇದು?"

"ಇದನ್ನ ಇನ್ನೂ ಬಿಚ್ಚಿಲ್ರಿ."

"ಹಂಗಾದ್ರೆ ಇನ್ನೂ ಅಲ್ಲಾಡಿಲ್ಲ" ಅಂದರು ಅಜ್ಜ, ಮತ್ತೆ ಹೊಳೆ ಕಡೆ ಮುಖ ತಿರುಗಿಸಿದರು.

ಮೂರನೆಯದೂ ಅಲ್ಲಾಡಿತು.

ಓಬಳೇಶ ಅದನ್ನೂ ಶೆಡ್ಡಿನ ಮೂಲೆಗೆ ಒಗೆದ. ನಾಲ್ಕನೆಯ ಸಲ ಬಂದದ್ದು ಡಬ್ಬಿಯಲ್ಲ, ಮರದ ಪೆಟ್ಟಿಗೆ. ಅದರೊಳಗೆ ತೊಟ್ಟಿಲ ಕೂಸಿನಷ್ಟು ಉದ್ದದ ಒಂದು ಲೇಥು. ಹಸಿರು ಬಣ್ಣ, ಮೈತುಂಬ ಕೆಂಪು ಗ್ರೀಸು. ಜೊತೆಗೆ ಒಂದು ಉಕ್ಕಿನ ಸ್ಕೇಲು, ಮೊಹರು ಒತ್ತಿದ ಒಂದು ಕಾಗದ.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂತ ಬರೆದು ಕೊಟ್ಟಾರ್ರಿ" ಅಂದ ಓಬಳೇಶ, ಕಾಗದ ಎತ್ತಿ ಹಿಡಿದು. "ಈ ಜಿಲ್ಲೇಲಿ ಮನೆಯಾಗೆ ಲೇಥು ಇಟ್ಟೋನು ನಾನೊಬ್ಬನೇ!"

"ಕಾಗದ ಅಲ್ಲಾಡಲ್ಲ ಬಿಡು" ಅಂದರು ಅಜ್ಜ.

ಓಬಳೇಶ ಎರಡು ದಿನ ಕೂತು ಗೇಣುದ್ದದ ಒಂದು ಶಾಫ್ಟು ಕಡೆದ. ಮಿರಮಿರ ಮಿಂಚುತ್ತಿತ್ತು. ಹೆಗಲ ಟವೆಲ್ಲಲ್ಲಿ ಒರೆಸಿ ಅಜ್ಜನ ಅಂಗೈಯಲ್ಲಿಟ್ಟ.

ಅಜ್ಜ ಕಣ್ಣು ಮುಚ್ಚಿದರು. ಹೆಬ್ಬೆಟ್ಟು ಆ ತುದಿಯಿಂದ ಈ ತುದಿಗೆ ಹೋಯಿತು, ಮತ್ತೆ ವಾಪಸು ಬಂತು.

"ಈ ಕಡೆ ದಪ್ಪ."

"ಸಾಧ್ಯನೇ ಇಲ್ರಿ! ಲೇಥಿನ ಹಾಸು ಸ್ಕೇಲಿಟ್ಟು ನೋಡೀನಿ. ಸ್ಕೇಲಿನ ಕೆಳಗೆ ಒಂದು ಚೂರು ಬೆಳಕು ತೂರಲ್ಲ."

"ಸ್ಕೇಲು ಎಲ್ಲಿಂದು?"

"ಇದರ ಜೊತೇಗೇ ಬಂತಲ್ರಿ."

"ಅದೇ ಪೆಟ್ಟಿಗೇಲಿ?"

"ಹ್ಞೂಂ, ಅದೇ ಪೆಟ್ಟಿಗೇಲಿ."

"ಕಳ್ಳ ಬಂದಾಗ ಸಾಕ್ಷಿನೂ ಕರ್ಕೊಂಡೇ ಬಂದಾನೆ" ಅಂದರು ಅಜ್ಜ.

ಓಬಳೇಶನ ಮುಖ ಕೆಂಪಾಯಿತು. ಜೇಬಿಗೆ ಕೈ ಹಾಕಿ ಫೋನು ತೆಗೆದ.

"ಏನ್ ಮಾಡ್ತೀಯ?"

"ಇದು ದರಿದ್ರ ಮಶೀನ್ರಿ. ಇದಕ್ಕಿಂತ ಚಲೋದು ಒಂದು ನೋಡಿಟ್ಟೀನಿ. ಜರ್ಮನಿಯೋರ ಮಾದರೀದಂತೆ. ಈಗ್ಲೇ ಒತ್ತಿಬಿಡ್ತೀನಿ."

ಮೂವತ್ತೆಂಟು ವರ್ಷದ ಕಬ್ಬಿಣ ಪೂರ್ತಿ ಹೆಗಲ ಮೇಲೆ ಬಂದು ಕೂತ ಹಾಗೆ ಅಜ್ಜನ ಬೆನ್ನು ಬಾಗಿತ್ತು.

"ಒತ್ತು. ಬ್ಯಾಡ ಅನ್ನಲ್ಲ. ಆದ್ರೆ ಅದು ಬಂದ ದಿನದಿಂದ ನೀನು ಈ ಶೆಡ್ಡಿಗೆ ಬರಬ್ಯಾಡ. ಡಬ್ಬಿ ಬಿಚ್ಚೋದು ನೋಡಿ ನೋಡಿ ನನಗೆ ಸಾಕಾಗೈತಿ ಓಬಳೇಶಾ."

ಬೆರಳು ಫೋನಿನ ಮೇಲೆ ನಿಂತೇ ಇತ್ತು. ಹೊಳೆ ಆಚೆ ದಂಡೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಎಮ್ಮೆ ಎದ್ದು ಹೋಯಿತು. ಆಮೇಲೆ ಓಬಳೇಶ ಫೋನು ಜೇಬಿಗೆ ಹಾಕಿದ.

"ಮತ್ತೇನು ಮಾಡ್ಲಿ ಹೇಳ್ರಿ."

"ಮೂಲೇಲಿ ಬಿದ್ದಾವಲ್ಲ ನಿನ್ನ ಮೂರು ಡ್ರಿಲ್ಲಿಂಗ್ ಮಶೀನು, ಬಿಚ್ಚು. ಕೆಲಸ ಇಟ್ಟು ತೂತು ಹಾಕೋ ಬೀಡು ಕಬ್ಬಿಣದ ಪ್ಲೇಟು ಇರ್ತಾವು ನೋಡು, ಮೂರೂ ತೆಗಿ. ಉಳಿದಿದ್ದು ಗುಜರಿಯೋನಿಗೆ ಹಾಕು."

"ಆ ಪ್ಲೇಟು ಯಾಕ್ರಿ? ಅವೂ ಸೊಟ್ಟಗೇ ಇರ್ತಾವು."

"ಅದಕ್ಕೇ ಬೇಕು. ಮೂರನ್ನೂ ಸಪಾಟು ಮಾಡು. ಒಂದು ಸಪಾಟಾದದ್ದು ಕೈಯಾಗಿದ್ರೆ ಆಗ ಲೇಥಿನ ಸುಳ್ಳು ಹಿಡೀಬಹುದು."

"ಯಾವ ಸ್ಕೇಲಿಟ್ಟು ನೋಡ್ಲಿ?"

"ಸ್ಕೇಲು ಹೊಳೆಗೆ ಹಾಕು. ಒಂದಕ್ಕೊಂದು ಇಟ್ಟು ಉಜ್ಜು. ಗುಡೀಗೆ ಹೋಗಿ ಸಿಂಧೂರ ಇಸ್ಕೊಂಡು ಬಾ."

ಹೊಳೆದಂಡೆಯ ಆಂಜನೇಯನ ಗುಡಿಯಲ್ಲಿ ಪೂಜಾರಿ ಹಾಲಪ್ಪ ಗಂಟೆ ಉಜ್ಜುತ್ತಾ ಕೂತಿದ್ದ. ಓಬಳೇಶ ಸಿಂಧೂರ ಕೇಳಿದ.

"ಏನಲೇ ಲೈನ್‌ಮ್ಯಾನು, ದೇವರ ನೆನಪು ಬಂತೇನು? ಕಂಬದ ಮ್ಯಾಲೆ ಶಾಕ್ ಹೊಡೀತಾ?"

"ಕಬ್ಬಿಣಕ್ಕೆ ಹಚ್ಚಾಕ್ರಿ."

"ಆಹಾಹಾ! ಹನುಮಪ್ಪನ ಮೈಗೆ ಹಚ್ಚೋದನ್ನ ಕಬ್ಬಿಣಕ್ಕೆ ಹಚ್ತಾನಂತೆ! ಯಾವ ಬುದ್ಧಿವಂತ ಹೇಳಿದ್ದು?"

"ಅಜ್ಜಾರು."

ಹಾಲಪ್ಪ ಗಂಟೆ ಕೆಳಗಿಟ್ಟು ಮುತ್ತುಗದ ಎಲೆಯಲ್ಲಿ ಹಿಡಿ ಸಿಂಧೂರ ಕಟ್ಟಿ ಕೊಟ್ಟ.

ಅಜ್ಜ ಅದನ್ನು ಎಣ್ಣೆಯಲ್ಲಿ ಕಲಸಿದರು. ಒಂದು ಪ್ಲೇಟಿಗೆ ತೆಳ್ಳಗೆ ಸವರಿ ಇನ್ನೊಂದರ ಮೇಲೆ ಬೋರಲಾಗಿ ಇಟ್ಟು ಎರಡು ಸಲ ಉಜ್ಜಿ ಎತ್ತಿದರು. ಕೆಳಗಿನ ಪ್ಲೇಟಿನ ಮೇಲೆ ನಾಲ್ಕೈದು ಕಡೆ ಕೆಂಪು ಹತ್ತಿತ್ತು. ಉಳಿದದ್ದೆಲ್ಲ ಬೂದು.

"ಕೆಂಪು ಹತ್ತಿದ್ದು ಎತ್ತರ. ಅದನ್ನ ಕೆರಿ. ಮತ್ತೆ ಸವರು, ಮತ್ತೆ ಉಜ್ಜು, ಮತ್ತೆ ಕೆರಿ. ಒಂದನ್ನ ಎರಡಕ್ಕೆ, ಎರಡನ್ನ ಮೂರಕ್ಕೆ, ಮೂರನ್ನ ಒಂದಕ್ಕೆ. ಸುತ್ತು ತಪ್ಪಿಸಬ್ಯಾಡ."

"ಎಷ್ಟು ದಿನ ಹಿಡೀತೈತ್ರಿ?"

ಅಜ್ಜ ಆಗಲೇ ಬೆಂಚಿನ ಮೇಲೆ ಒರಗಿ ಕಣ್ಣು ಮುಚ್ಚಿದ್ದರು.

ಹಳೆ ಅರವನ್ನೇ ಚೂಪು ಮಾಡಿದ ಉಳಿ. ಒಂದು ಸಲ ಕೆರೆದರೆ ಉಗುರಿನ ಪುಡಿಯಷ್ಟು ಬೀಡು ಬರುತ್ತಿತ್ತು. ಓಬಳೇಶ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಕೆರೆದ, ಸಂಜೆ ಬಂದು ಕೆರೆದ. ಹತ್ತು ದಿನಕ್ಕೆ ತೋಳು ಬಾತವು. ಇಪ್ಪತ್ತು ದಿನಕ್ಕೆ ಕಂಬ ಹತ್ತುವಾಗ ಕೈ ನಡುಗಿತು. ಕೆಳಗೆ ನಿಂತವರು ನಕ್ಕರು. ಅವನು ಯಾವ ಗಂಡಸಿಗೂ ತನ್ನನ್ನು ನೋಡಿ ನಗಲು ಬಿಟ್ಟವನಲ್ಲ, ಆದರೆ ಅವತ್ತು ತಿರುಗಿ ಬೈಯುವುದಕ್ಕೂ ಉಸಿರು ಇರಲಿಲ್ಲ.

ಮೂರನೇ ಪ್ಲೇಟು ಎಲ್ಲಕ್ಕಿಂತ ಹೆಚ್ಚು ತುಕ್ಕು ಹಿಡಿದಿತ್ತು. ಅದನ್ನು ನೋಡಿದರೇ ಅವನಿಗೆ ಮೈಯೆಲ್ಲ ನೋಯುತ್ತಿತ್ತು. ಮೊದಲು ಎರಡು ಆಗಲಿ, ಅವೆರಡು ಆದ ಮೇಲೆ ಇದು ಯಾವ ಲೆಕ್ಕ ಅಂದುಕೊಂಡು ಗೋಣಿಚೀಲದ ಕೆಳಗೆ ತಳ್ಳಿದ.

ಒಂದೂವರೆ ತಿಂಗಳಿಗೆ ಎರಡು ಪ್ಲೇಟು ಕೂಡಿದವು. ಎಂಥ ಕೂಡಿಕೆ ಅಂತೀರಿ! ಮೇಲಿನದನ್ನು ಎತ್ತಿದರೆ ಕೆಳಗಿನದೂ ಅದಕ್ಕೆ ಅಂಟಿಕೊಂಡು ಒಂದು ಚಣ ಮೇಲೆದ್ದು ಬರುತ್ತಿತ್ತು. ಸಿಂಧೂರ ಸವರಿ ಉಜ್ಜಿದರೆ ಇಡೀ ಮುಖ ಕೆಂಪು.

ಓಬಳೇಶ ಓಡಿಹೋಗಿ ಹಾಲಪ್ಪನನ್ನೂ ಎಳೆದುಕೊಂಡು ಬಂದ.

"ನೋಡು ಪೂಜಾರಪ್ಪ, ನಿನ್ನ ಸಿಂಧೂರ ದಂಡ ಆಗಿಲ್ಲ. ಇಡೀ ಕಾರ್ಖಾನೇಲೂ ಇಂಥ ಎರಡು ಪ್ಲೇಟು ಹುಟ್ಟಿರಲ್ಲ. ಹೇಳ್ರಿ ಅಜ್ಜಾರೆ!"

ಅಜ್ಜ ಪ್ಲೇಟು ಮುಟ್ಟಲಿಲ್ಲ.

"ಮೂರನೇದು ಎಲ್ಲಿ?"

ಓಬಳೇಶ ನಾಲಿಗೆ ಕಚ್ಚಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, "ಇವೆರಡೂ ಸರಿ ಅದಾವಲ್ರಿ. ಒಂದಕ್ಕೊಂದು ಒಪ್ಪ್ಯಾವು. ಇನ್ನು ಮೂರನೇದು ಯಾಕೆ?" ಅಂದ.

"ಮೂರನೇದನ್ನ ಮೊದಲನೇದಕ್ಕೆ ಕೂಡಿಸು. ಆಮೇಲೆ ಕರಿ."

ಹಾಲಪ್ಪ, "ಏನೋ ತೋರಿಸ್ತೀನಿ ಅಂತ ಮಂಗಳಾರತಿ ಬಿಡಿಸಿ ಕರ್ಕೊಂಡು ಬಂದ್ಯಲ್ಲೋ" ಅಂತ ಗೊಣಗಿ ಹೋದ.

ಮತ್ತೆ ಇಪ್ಪತ್ತು ದಿನ. ಮೂರನೆಯದು ಮೊದಲನೆಯದಕ್ಕೆ ಕೂಡಿತು, ಅದೂ ಅಂಟಿಕೊಂಡು ಮೇಲೆದ್ದಿತು. ಈ ಸಲ ಓಬಳೇಶ ಯಾರನ್ನೂ ಕರೆಯಲಿಲ್ಲ. ಅಜ್ಜನ ಮುಂದೆ ಮೂರನ್ನೂ ಇಟ್ಟು ಕೂತ.

"ಈಗ ಎರಡನೇದರ ಮ್ಯಾಲೆ ಮೂರನೇದನ್ನ ಇಡು" ಅಂದರು ಅಜ್ಜ.

ಇಟ್ಟ.

"ಬೆರಳಲ್ಲಿ ಮುಟ್ಟು."

ಮುಟ್ಟಿದ. ಮೇಲಿನ ಪ್ಲೇಟು ಬುಗುರಿಯ ಹಾಗೆ ಸುಯ್ಯಂತ ಒಂದು ಸುತ್ತು ತಿರುಗಿತು.

ಓಬಳೇಶ ಕೈ ಹಿಂದಕ್ಕೆ ಎಳೆದುಕೊಂಡ. ಮತ್ತೆ ಮುಟ್ಟಿದ. ಮತ್ತೆ ತಿರುಗಿತು. ಎರಡು ಗುಡ್ಡಗಳು ನೆತ್ತಿಗೆ ನೆತ್ತಿ ಕೊಟ್ಟು ನಿಂತ ಹಾಗೆ, ನಡುವೆ ಮಾತ್ರ ತಾಗಿ, ಸುತ್ತ ಎಲ್ಲ ಗಾಳಿ.

"ಮೊದಲನೇದು ಬಟ್ಟಲಾಗೈತಿ. ಅದಕ್ಕೆ ಒಪ್ಪಿಸಿದ್ದೆಲ್ಲ ಉಬ್ಬು. ಬಟ್ಟಲಿಗೆ ಉಬ್ಬು ಚಂದಾಗಿ ಕೂರ್ತದೆ. ಕೆಂಪೂ ಚಂದಾಗಿ ಹತ್ತತೈತಿ."

"ಅಂದ್ರೆ... ಎರಡು ತಿಂಗಳು..."

"ಹ್ಞೂಂ."

"ನಿಮಗೆ ಮೊದಲೇ ಗೊತ್ತಿತ್ತೇನ್ರಿ?"

"ಸುತ್ತು ತಪ್ಪಿಸಬ್ಯಾಡ ಅಂದಿದ್ದೆ."

ಓಬಳೇಶ ಎದ್ದ. ಉಳಿ ಬಿಸಾಕಿದ. ಅದು ತಗಡಿಗೆ ಬಡಿದು ಠಣ್ ಅಂದಿತು.

"ನಿಮ್ಮ ಬಾಯಿಂದ ಒಂದು ಮಾತು ಬರ್ಲಿ ಅಂತ ಸಾಯ್ತಾ ಇದೀನಿ ಅಜ್ಜಾರೆ. ನೀವು ಬರೇ ಹ್ಞೂಂ ಅಂತೀರಿ!"

"ಹ್ಞೂಂ" ಅಂದರು ಅಜ್ಜ.

ಎಂಟು ದಿನ ಓಬಳೇಶ ಆ ಕಡೆ ತಲೆ ಹಾಕಲಿಲ್ಲ. ಊಟದ ಹೊತ್ತಿಗೆ ಫೋನು ತೆಗೆದು ಜರ್ಮನಿ ಮಾದರಿಯ ಲೇಥಿನ ಚಿತ್ರ ನೋಡುತ್ತಿದ್ದ, ಬೆರಳು ಅದರ ಮೇಲೆ ಇಡುತ್ತಿದ್ದ, ತೆಗೆಯುತ್ತಿದ್ದ. ಒತ್ತಿದರೆ ಎಲ್ಲ ಮುಗಿಯುತ್ತಿತ್ತು. ಎದೆಯಲ್ಲಿ ಏನೋ ಒಂದು ಒತ್ತಲು ಬಿಡಲಿಲ್ಲ.

ಒಂಬತ್ತನೆಯ ದಿನ ಮಠದ ಹತ್ತಿರದ ಕಂಬವೊಂದರಲ್ಲಿ ತಂತಿ ಹರಿಯಿತು. ರಿಪೇರಿಗೆ ಹತ್ತಿದ. ಮೇಲಿನಿಂದ ಶೆಡ್ಡು ಕಾಣಿಸಿತು. ಅಜ್ಜ ಬೆಂಚಿನ ಮೇಲೆ ಇರಲಿಲ್ಲ. ನೆಲದಲ್ಲಿ ಕೂತಿದ್ದರು. ತೊಡೆಯ ಮೇಲೆ ಏನೋ ಇತ್ತು, ಕೈಯೆಲ್ಲ ಕೆಂಪು.

ಓಬಳೇಶ ಜಾರಿದ ಹಾಗೆ ಕಂಬ ಇಳಿದು ಓಡಿದ.

ಅದು ರಕ್ತವಾಗಿರಲಿಲ್ಲ, ಸಿಂಧೂರ. ಅಜ್ಜ ಮೂರನೇ ಪ್ಲೇಟನ್ನು ತೊಡೆ ಮೇಲಿಟ್ಟುಕೊಂಡು ಕೆರೆಯುತ್ತಿದ್ದರು. ಒಂದು ಸಲ ಕೆರೆದು ಮೂರು ಸಲ ಉಸಿರು ತೆಗೆದುಕೊಳ್ಳಬೇಕು. ಎಂಟು ದಿನದಲ್ಲಿ ಎರಡು ಬೆರಳಗಲ ಆಗಿತ್ತು.

"ನಿಮಗೆ ಕೆಂಪು ಕಾಣಲ್ಲಲ್ರಿ ಅಜ್ಜಾರೆ."

"ಹೆಬ್ಬೆಟ್ಟಿಗೆ ಕಾಣತೈತಿ."

"ನೀವ್ಯಾಕೆ ಮಾಡೋಕೆ ಹೋದ್ರಿ?"

"ಸುಮ್ನೆ ಕೂತ್ರೆ ಇನ್ನೂ ದಣಿವಾಗತೈತಿ."

ಓಬಳೇಶ ಅವರ ಕೈಯಿಂದ ಉಳಿ ತೆಗೆದುಕೊಂಡ. ಕೇಳಿ ತೆಗೆದುಕೊಂಡದ್ದಲ್ಲ, ಕಿತ್ತುಕೊಂಡದ್ದೂ ಅಲ್ಲ. ಅಜ್ಜ ಬಿಟ್ಟರು, ಇವನು ಹಿಡಿದ.

ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಏರಿತು, ಬಂಡೆಗಳು ಮುಳುಗಿದವು. ಶೆಡ್ಡಿನ ತಗಡಿನ ಮೇಲೆ ದಿನವಿಡೀ ಸದ್ದು. ಒಳಗೆ ಒಂದನ್ನು ಎರಡಕ್ಕೆ, ಎರಡನ್ನು ಮೂರಕ್ಕೆ, ಮೂರನ್ನು ಒಂದಕ್ಕೆ. ಓಬಳೇಶ ಸುತ್ತು ತಪ್ಪಿಸಲಿಲ್ಲ. ಊರಲ್ಲಿ ಯಾರಾದರೂ "ಇಂಜಿನ್ನು ಎಲ್ಲಿಗೆ ಬಂತಪ್ಪಾ?" ಅಂದರೆ "ಇನ್ನೂ ಐತಿ" ಅನ್ನುತ್ತಿದ್ದ. ಹಾಗೆ ಅಂದ ಮೇಲೆ ಅದು ಅಜ್ಜನ ಮಾತು ಅಂತ ಹೊಳೆದು ಅವನಿಗೇ ನಾಚಿಕೆ ಆಗುತ್ತಿತ್ತು.

ಹೊಳೆ ಇಳಿಯುವ ಹೊತ್ತಿಗೆ ಯಾವುದರ ಮೇಲೆ ಯಾವುದನ್ನು ಇಟ್ಟರೂ ತಿರುಗಲಿಲ್ಲ.

ಅದರಲ್ಲಿ ಒಂದು ಪ್ಲೇಟು ತೆಗೆದುಕೊಂಡು ಸಿಂಧೂರ ಸವರಿ, ಕೆಲಸ ಹಿಡಿದು ತಿರುಗಿಸುವ ಲೇಥಿನ ತಲೆ ಬಿಚ್ಚಿ, ಅದು ಕೂರುವ ಜಾಗಕ್ಕೆ ಉಜ್ಜಿದ. ಎರಡೇ ಮೂಲೆಗೆ ಕೆಂಪು ಹತ್ತಿತು. ಸಮುದ್ರ ದಾಟಿ ಬಂದ ಲೇಥಿನ ತಲೆ ಇಷ್ಟು ದಿನವೂ ಎರಡು ಮೂಲೆಯ ಮೇಲೆ ಕುಕ್ಕರಗಾಲಲ್ಲಿ ಕೂತಿತ್ತು. ಓಬಳೇಶನಿಗೆ ಸಿಟ್ಟು ಬರಲಿಲ್ಲ. ಪಾಪ ಅನ್ನಿಸಿತು. ಅದನ್ನೂ ಕೆರೆಯುತ್ತಾ ಕೂತ.

ಆಮೇಲೆ ಗೇಣುದ್ದದ ಶಾಫ್ಟು ಕಡೆದ. ಇದು ಮೊದಲಿನ ಹಾಗೆ ಮಿರಮಿರ ಅನ್ನಲಿಲ್ಲ. ಅವನು ಟವೆಲ್ಲಲ್ಲಿ ಒರೆಸಿ ಅಜ್ಜನ ಅಂಗೈಯಲ್ಲಿಟ್ಟ.

ಅಜ್ಜನ ಬಲಗಣ್ಣೂ ಈಗ ಹಾಲಿನ ಹಾಗೆ ಆಗಿತ್ತು. ಮುಚ್ಚುವ ಅಗತ್ಯವೇ ಇರಲಿಲ್ಲ, ಆದರೂ ಮುಚ್ಚಿದರು. ಹೆಬ್ಬೆಟ್ಟು ಆ ತುದಿಯಿಂದ ಹೊರಟಿತು. ನಡುವೆ ಒಂದು ಕಡೆ ನಿಂತಿತು, ನಡುಗಿತು, ಮತ್ತೆ ಹೊರಟಿತು. ಈ ತುದಿಗೆ ಬಂತು. ವಾಪಸು ಹೋಯಿತು. ಮತ್ತೆ ಬಂತು.

ಗುಡಿಯ ಕಡೆಯಿಂದ ಹಾಲಪ್ಪನ ಗಂಟೆ ಕೇಳಿಸಿ ನಿಂತಿತು.

"ಸರಿ" ಅಂದರು ಅಜ್ಜ.

ಓಬಳೇಶನಿಗೆ ಕೇಳಿಸಿದ್ದು ನಂಬಿಕೆ ಆಗಲಿಲ್ಲ. ಕಂಬದ ತುದಿಗೆ ನಿಂತು ಏಳು ಊರಿಗೂ ಕೇಳುವ ಹಾಗೆ ಕೂಗಬೇಕು ಅನ್ನಿಸಿತು.

"ಅಜ್ಜಾರೆ, ಇನ್ನೊಂದು ಸಲ ಹೇಳ್ರಿ."

ಅಜ್ಜ ಅವನ ಕಡೆ ತಿರುಗಿದರು. ಶಾಫ್ಟು ಕೈಯಲ್ಲೇ ಇತ್ತು.

"ನಿನಗೇನನ್ನಿಸ್ತು?" ಅಂದರು.

"ನನಗೂ ಸರಿ ಅಂತಲೇ ಅನ್ನಿಸ್ತು ಅಜ್ಜಾರೆ. ನೂರಕ್ಕೆ ನೂರು ಸರಿ."

ಅಜ್ಜ ತಲೆಯಾಡಿಸಿದರು. ಶಾಫ್ಟನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಆಮೇಲೆ ನಿಧಾನಕ್ಕೆ ಬೆಂಚಿಗೆ ಒರಗಿ, ಹೊಳೆ ಕಡೆ ಮುಖ ಮಾಡಿದರು.

"ನನಗೆ ದಣಿವಾಗೈತಿ, ನಿನಗೆ ಆಸೆ ಐತಿ. ಇಬ್ಬರೂ ಕೂಡಿ ಸರಿ ಅಂದ್ವಿ. ಮೂರನೇ ಪ್ಲೇಟು ಎಲ್ಲಪ್ಪಾ?"